ಸಂಕೇತಜ್ಞಾನವೇ ಮೊದಲ ಪಾಠ

ಪದ್ಯಕ್ಕೆ ಪ್ರಸ್ತಾರ ಹಾಕುವ ವಿದ್ಯಾರ್ಥಿಯು ಅಕ್ಷರಗಳ ಮೇಲೆ ಲಘು ಗುರು ಚಿಹ್ನೆಗಳನ್ನು ಬರೆಯುತ್ತಾನೆ. ವಾಚಿಸುವಾಗ ಅವನ್ನು ಉಚ್ಚರಿಸುವುದಿಲ್ಲ. ಅವು ಪದ್ಯದ ಅಂಗವಲ್ಲ, ಅದರ ರಚನೆಯನ್ನು ತಿಳಿಸುವ ಸಾಧನವೆಂದು ಅವನು ಬಲ್ಲನು. ಅದೇ ವಿದ್ಯಾರ್ಥಿ ಗಣಕಯಂತ್ರದ ಮುಂದೆ ಕುಳಿತಾಗ ಈ ವಿವೇಕ ಮರೆಯಾಗುತ್ತದೆ. ಕೈಪಿಡಿಯಲ್ಲಿ ‘ಕಾಪಿ ಮೂಲ [ಗುರಿ]’ ಎಂದಿದ್ದರೆ ಆವರಣಚಿಹ್ನೆಯನ್ನೂ ಸೇರಿಸಿ ಒತ್ತುತ್ತಾನೆ. ಯಂತ್ರವು ದೋಷವೆನ್ನುತ್ತದೆ; ಹುಡುಗನು ತನಗೆ ಬುದ್ಧಿ ಸಾಲದೆಂದು ಕುಗ್ಗುತ್ತಾನೆ. ಕೊರತೆ ಬುದ್ಧಿಯದಲ್ಲ, ಸಂಕೇತಪಾಠದ್ದು.

ಈ ಸಂಕೇತಗಳು ಕೆಲವೇ. ಕೋನಾವರಣದಲ್ಲಾಗಲಿ ಓರೆ ಅಕ್ಷರದಲ್ಲಾಗಲಿ ಇರುವ ಪದವು ಸ್ಥಾನಿ. ಅದರ ಜಾಗದಲ್ಲಿ ಕಡತದ ನಿಜವಾದ ಹೆಸರು ಆದೇಶವಾಗಿ ಬರಬೇಕು. ಚೌಕಾವರಣದೊಳಗಿನದು ವಿಕಲ್ಪ, ಬಿಟ್ಟರೂ ಸಲ್ಲುತ್ತದೆ. ಪುಷ್ಪಾವರಣದೊಳಗಿನವುಗಳಲ್ಲಿ ಒಂದು ಅವಶ್ಯ. ಲಂಬರೇಖೆಗೆ ‘ಅಥವಾ’ ಎಂದರ್ಥ. ಮೂರು ಚುಕ್ಕಿಗಳು ಆವೃತ್ತಿಯನ್ನು ಸೂಚಿಸುತ್ತವೆ. ವ್ಯಾಕರಣ ಓದಿದವರಿಗೆ ಇದು ಅಪರಿಚಿತವಲ್ಲ. ಪಾಣಿನಿಯ ಶಾಸ್ತ್ರದಲ್ಲಿ ‘ಇತ್’ ಸಂಜ್ಞೆಯ ವರ್ಣಗಳು ಕಾರ್ಯವನ್ನು ಸೂಚಿಸಿ ತಾವು ಲೋಪಹೊಂದುತ್ತವೆ. ಆವರಣಗಳದೂ ಅದೇ ಧರ್ಮ. ಜಾನ್ ಬ್ಯಾಕಸ್ ೧೯೫೯ರಲ್ಲಿ ಮಂಡಿಸಿದ ಸಂಕೇತಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ೧೯೬೭ರಲ್ಲಿ ಇಂಗರ್‌ಮನ್ ಎಂಬವರು ಸೂಚಿಸಿದುದು ನಿಷ್ಕಾರಣವಲ್ಲ.

ಕೆಲವು ಗ್ರಂಥಗಳು ಇದನ್ನೇ ರೈಲುಹಳಿಯಂತಹ ರೇಖಾಚಿತ್ರದಲ್ಲಿ ತೋರಿಸುತ್ತವೆ. ನಂಜನಗೂಡಿನ ನಿಲ್ದಾಣದಲ್ಲಿ ಹಳಿಯು ಕವಲೊಡೆಯುವುದನ್ನೂ, ಅಲ್ಲಿಂದ ಹರಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವುದನ್ನೂ ಕಂಡ ಮಕ್ಕಳಿಗೆ ಈ ಚಿತ್ರ ಕಠಿಣವಾಗಲಾರದು. ಕವಲು ಆಯ್ಕೆ, ಪದವನ್ನು ಬಳಸಿ ಹೋಗುವ ಹಾದಿ ವಿಕಲ್ಪ, ಹಿಂದಿರುಗುವ ಸುತ್ತು ಆವೃತ್ತಿ.

ಇದೆಲ್ಲ ಅಭ್ಯಾಸದಿಂದ ತಾನೇ ಬರುತ್ತದೆಂದು ಹೇಳುವವರುಂಟು. ಆದರೆ ಕೈಪಿಡಿಯಿಂದ ಕೈಪಿಡಿಗೆ ಸಂಕೇತ ಬೇರೆ. ಈ ಅನಗತ್ಯ ವೈವಿಧ್ಯವನ್ನು ನಿಕ್ಲಾಸ್ ವಿರ್ತ್ ೧೯೭೭ರಲ್ಲಿಯೇ ಆಕ್ಷೇಪಿಸಿದ್ದರು. ಮೇಲಾಗಿ, ಬಲಗಡೆಯ ಕೋನಚಿಹ್ನೆಯು ಅನೇಕ ಯಂತ್ರಗಳಲ್ಲಿ ಸ್ವತಃ ಒಂದು ಆಜ್ಞೆ: ಅದು ಫಲಿತಾಂಶವನ್ನು ಕಡತಕ್ಕೆ ಕಳುಹಿಸಿ, ಅಲ್ಲಿ ಹಿಂದೆ ಇದ್ದುದನ್ನು ಅಳಿಸಿಬಿಡುತ್ತದೆ. ಅರಿಯದೆ ಒತ್ತಿದರೆ ಒಂದು ವರ್ಷದ ಅಂಕಪಟ್ಟಿಯೇ ಹೋದೀತು.

ಆದುದರಿಂದ ಆಜ್ಞೆಗಳನ್ನು ಬಾಯಿಪಾಠ ಮಾಡಿಸುವ ಮುನ್ನ ಗ್ರಂಥಾರಂಭದ ಸಂಕೇತಸೂಚಿಯನ್ನು ಓದಿಸುವುದು ಶಾಲೆಯ ನಿಯಮವಾಗಬೇಕು. ಆ ಮೊದಲ ಪಾಠದಲ್ಲಿ ಗಣಕಶಿಕ್ಷಕರ ಪಕ್ಕದಲ್ಲಿ ಕನ್ನಡ ಪಂಡಿತರೂ ನಿಲ್ಲಲಿ. ಯಂತ್ರವನ್ನು ದಾನಿಗಳು ಕೊಡಬಲ್ಲರು. ಬರೆದುದರಲ್ಲಿ ಯಾವುದು ಆಡತಕ್ಕುದು, ಯಾವುದು ಅರಿಯತಕ್ಕುದು ಎಂಬ ವಿವೇಕವನ್ನು ಗುರುವೇ ಕೊಡಬೇಕು.