ಆರು ರನ್ನಿನ ಸಂಕ್ರಾಂತಿ

ಸಂಕ್ರಾಂತಿ ಅಂದ್ರೆ ಎಲ್ಲರಿಗೂ ಎಳ್ಳು-ಬೆಲ್ಲ ನೆನಪಾಗುತ್ತೆ. ನನಗೆ ಆರು ರನ್!

2010ರ ಜನವರಿ 14. ಕೋಡಿಯ ಮನೆಯಲ್ಲಿ ನಾನು, ಅಪ್ಪಯ್ಯ ಟಿವಿ ಮುಂದೆ. ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಮುಂಬೈ ವಿರುದ್ಧ ರಣಜಿ ಫೈನಲ್. ಗೆಲ್ಲೋಕೆ 338 ಬೇಕು. ಮನೀಶ್ ಪಾಂಡೆ 144, ಗಣೇಶ್ ಸತೀಶ್ 75. ಕಪ್ ನಮ್ಮದೇ ಅಂದುಕೊಂಡೆ. ಆಮೇಲೆ ವಿಕೆಟ್ ಉದುರಿದವು. 331ಕ್ಕೆ ಆಲೌಟ್!

ನಾನು ಅತ್ತೇಬಿಟ್ಟೆ. "ಕಡಿಗೆ ಎರಡ್ ಫೋರ್ ಹೊಡದಿರೆ ಆತಿತ್ತಲೆ ಅಪ್ಪಯ್ಯ..."

"ಮರ್ಕಬೇಡ ಮಗಾ. ಸೋತದ್ ಇವತ್ತಲ್ಲ, ಫಸ್ಟ್ ಇನ್ನಿಂಗ್ಸಗೇ ಸೋತಾಯ್ತ್."

ಹೌದು, ಮುಂಬೈಯ 233ಕ್ಕೆ ನಾವು ಹೊಡೆದದ್ದು ಬರೀ 130. ಅದನ್ನು ನಾನು ಮರೆತೇಬಿಟ್ಟಿದ್ದೆ.

2014ರಲ್ಲಿ ಹೈದರಾಬಾದ್‌ನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಕರ್ನಾಟಕ ರಣಜಿ ಗೆದ್ದಿತು. ಖುಷಿಯಿಂದ ಹಾಸ್ಟೆಲಿನಿಂದ ಫೋನ್ ಮಾಡಿದರೆ ಅಪ್ಪಯ್ಯ ಮೊದಲು ಕೇಳಿದ್ದು, "ಫಸ್ಟ್ ಇನ್ನಿಂಗ್ಸಗೆ ಎಷ್ಟ್?" 515 ಅಂದೆ. "ಹಾಂಗೆ!" ಅಂದ್ರು.

ಈಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಕಳೆದ ತಿಂಗಳು ಮಧ್ಯರಾತ್ರಿ ರಿಲೀಸ್ ಕೈಕೊಟ್ಟಿತು. ಕೊನೆಗೆ ಕೋಡ್ ಮುಟ್ಟಿದ್ದ ಜೂನಿಯರ್ ಹುಡುಗನಿಗೆ ಎಲ್ಲರೆದುರೇ ಬೈದೆ. ಅವನು ತಲೆ ತಗ್ಗಿಸಿ ಕೂತಿದ್ದ. ಬೆಳಗಿನ ಜಾವ ಹುಡುಕಿದರೆ, ತಪ್ಪಿದ್ದದ್ದು ನಾನೇ ಮೂರು ತಿಂಗಳ ಹಿಂದೆ ಬರೆದಿದ್ದ ಸಾಲಲ್ಲಿ!

ಆ 130 ನನ್ನದು. ಬೈದದ್ದು ಮಾತ್ರ ಕೊನೇ ಬ್ಯಾಟ್ಸ್‌ಮನ್‌ಗೆ.

ಮರುದಿನ ಎಲ್ಲರೆದುರೇ ಅವನ ಹತ್ತಿರ ಸಾರಿ ಕೇಳಿದೆ. ಸಂಜೆ ಊರಿಗೆ ಫೋನ್ ಮಾಡಿ ಅಪ್ಪಯ್ಯನಿಗೂ ಹೇಳಿದೆ. ಅವರು ನಕ್ಕರು, ಅಷ್ಟೇ.