ಸ್ಮರಣ ಸಂಚಿಕೆ ಮೊಬೈಲಿನಲ್ಲೂ ಓದುವಂತಿರಲಿ

ಸೀವುಡ್ಸ್‌ನಿಂದ ಸಿಎಸ್‌ಎಂಟಿವರೆಗಿನ ಲೋಕಲ್ ಪ್ರಯಾಣದಲ್ಲಿ ಇಂದು ಬಹುಮಂದಿಯ ಓದು ಮೊಬೈಲಿನಲ್ಲೇ. ಸಂಘ-ಸಂಸ್ಥೆಗಳು ಸ್ಮರಣ ಸಂಚಿಕೆಯ ಪಿಡಿಎಫ್ ಹಂಚುವುದು ಸ್ವಾಗತಾರ್ಹ. ಆದರೆ ಪಿಡಿಎಫ್ ಪುಟ ಕಾಗದದಂತೆ ಸ್ಥಿರ. ಅಕ್ಷರ ಹಿಗ್ಗಿಸಿದರೆ ಸಾಲು ಪರದೆಯಾಚೆ ಸರಿಯುತ್ತದೆ. ಹಿರಿಯರ ಕಣ್ಣಿಗೆ ಇದು ತ್ರಾಸದಾಯಕ. ಇಪಬ್‌ನಲ್ಲಿ ಸಾಲುಗಳು ಪರದೆಗೆ ಹೊಂದಿಕೊಳ್ಳುತ್ತವೆ. ಕಿಂಡಲ್‌ಗೆ ಕಡತ ಕಳುಹಿಸುವ ಸೇವೆಯೂ 2022ರಲ್ಲಿ ಇಪಬ್ಬನ್ನು ಒಪ್ಪಿಕೊಂಡಿತು.

ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶ ವರ್ಡ್ ಕಡತವನ್ನು ಇಪಬ್ ಮಾಡಿಕೊಡುತ್ತದೆ. ಆದರೆ ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದುದನ್ನು ಮೊದಲು ಯುನಿಕೋಡ್‌ಗೆ ಬದಲಿಸಬೇಕು. ಇಲ್ಲವಾದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಬಳಿಕ ಒತ್ತಕ್ಷರ, ಅರ್ಕಾವತ್ತುಗಳ ಕರಡು ತಿದ್ದುವುದೂ ಅಗತ್ಯ.

ಆದ್ದರಿಂದ ಪದಾಧಿಕಾರಿಗಳು ಮುದ್ರಣಾಲಯದಿಂದ ಪಿಡಿಎಫ್ ಮಾತ್ರವಲ್ಲ, ಮೂಲ ಕಡತವನ್ನೂ ಪಡೆದಿಡಬೇಕು. ಹೊರನಾಡಿನಲ್ಲಿ ಸಂಘದ ಚರಿತ್ರೆ ಉಳಿದಿರುವುದೇ ಈ ಸಂಚಿಕೆಗಳಲ್ಲಿ.