ಹಕ್ಕಿಯೋ, ಅಣಬೆಯೋ?

'ಆ ಎರೆಭೂತ ಹಕ್ಕಿ ಬಿಡಲೇ, ಹುತ್ತದ ಅಣಬಿ ಹೊಟ್ಟಿನಾದ್ರೂ ತುಂಬತೈತಿ' ಎಂದು ಹಾವೇರಿಯ ಗೆಳೆಯರು ನನ್ನ ಸಂಶೋಧನೆಯನ್ನು ಹಂಗಿಸುತ್ತಾರೆ. ಈ ತಕ್ಕಡಿಯೇ ಸುಳ್ಳು.

1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾದ ರಾಣೆಬೆನ್ನೂರಿನ ಬಯಲಲ್ಲಿ ನೀಲಗಿರಿ ನೆಡುತೋಪು ಎದ್ದಿತು. ದೂರದವರೆಗೆ ಕಣ್ಣು ಹಾಯಬೇಕಾದ ಎರೆಭೂತಕ್ಕೆ ಅದು ಗೋಡೆಯಾಯಿತು. ಒಂದು ಕಾಲಕ್ಕೆ ಜನ ಬೇಟೆಯಾಡಿ ತಿನ್ನುವಷ್ಟು ಸಾಮಾನ್ಯವಾಗಿದ್ದ ಹಕ್ಕಿ ಅದು.

ಇವತ್ತು ಸಾಮಾನ್ಯವೆನಿಸುವ ಅಣಬೆಯ ಬದುಕೂ ಅಷ್ಟೇ ನಾಜೂಕು. ಗೆದ್ದಲು ಹುತ್ತದೊಳಗೆ ಅದನ್ನು ಸಾಕುತ್ತದೆ. ಹುತ್ತ ಅಗೆದರೆ ಅಣಬೆಯೂ ಇಲ್ಲ. ಅದನ್ನು ಹೊಲದ ಬೆಳೆಯಂತೆ ಬೆಳೆಯಲು ನಮಗೆ ಬರುವುದಿಲ್ಲ.

ಹಕ್ಕಿ, ಅಣಬೆ ಎರಡರ ಮನೆಯನ್ನೂ ನಾವು ಕರೆಯುವುದು ಒಂದೇ ಹೆಸರಿನಿಂದ: ಪಾಳುಭೂಮಿ. ಯಾವುದನ್ನು ಉಳಿಸಬೇಕೆಂದು ನನ್ನನ್ನು ಕೇಳುವ ಮೊದಲು, ಗೆಳೆಯರೇ, ಆ ಹೆಸರನ್ನು ಅಳಿಸಿ.